ಮಂಜು ಕವಿದ ಹೊಲಗಳ ಕಪ್ಪು-ಬಿಳುಪು ಫೋಟೊ ಮಂಕಾಗಿ ಬರುತ್ತಿದೆ. ಕಾಂಟ್ರಾಸ್ಟ್ (ಕಪ್ಪು-ಬಿಳಿಯ ನಡುವಿನ ಅಂತರ) ಬರಲು ಕೆಂಪು ಫಿಲ್ಟರ್ ಕೊಳ್ಳಲೋ, 70–200 ಎಂಎಂ ಜೂಮ್ ಲೆನ್ಸ್ ಕೊಳ್ಳಲೋ?

ಎರಡೂ ಬೇಡ. ನೀವು ಹೇಳುವಂಥ ಬೂದುಬೂದು ಫೈಲುಗಳು ನನ್ನ ಹಳೆಯ ಹಾರ್ಡ್‌ಡಿಸ್ಕಿನಲ್ಲೂ ರಾಶಿ ಬಿದ್ದಿವೆ. ತಪ್ಪು ಲೆನ್ಸಿನದ್ದಲ್ಲ, ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರನ್ನು ನಂಬಿದ್ದು.

ಎದುರಿಗೆ ಏನೇ ಇದ್ದರೂ ಕ್ಯಾಮೆರಾದ ಮೀಟರು ಅದನ್ನು ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಬೆಳ್ಳನೆಯ ಮಂಜಿದ್ದರೆ ಬೆಳಕು ಹೆಚ್ಚಾಯಿತೆಂದು ಎಕ್ಸ್‌ಪೋಶರ್ (ಫೋಟೊಗೆ ಬಿಡುವ ಬೆಳಕು) ಇಳಿಸಿಬಿಡುತ್ತದೆ. ಮಂಜು ಬೂದಿಯಾಗುತ್ತದೆ, ಮರ ಕೆಸರಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ಸರಿಮಾಡೋಣ ಎಂದರೆ ಅಲ್ಲೇ ನಿಜವಾದ ನಷ್ಟ. ಮಾಮೂಲಿ ಫೋಟೊ ಫೈಲಾದ ಜೆಪೆಗ್‌ನಲ್ಲಿ ಕಪ್ಪಿನಿಂದ (0) ಬಿಳಿಯವರೆಗೆ (255) ಒಟ್ಟು ಇರುವುದೇ 256 ಮೆಟ್ಟಿಲು. ಮಂಜಿನ ಏರಿಳಿತವೆಲ್ಲ ಅದರಲ್ಲಿ ಮೂವತ್ತು ನಲವತ್ತರೊಳಗೆ ಮುಗಿಯುತ್ತದೆ. ಅಷ್ಟನ್ನೇ ಹಿಗ್ಗಿಸಿದರೆ ನುಣ್ಣಗಿರಬೇಕಾದ ಆಕಾಶದಲ್ಲಿ ಪಟ್ಟೆಗಳು ಏಳುತ್ತವೆ, ಮರದ ಕಪ್ಪಿನಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಕಾಣುತ್ತದೆ. ಇದಕ್ಕೆ ಮದ್ದಿಲ್ಲ.

ಹಾಗಾಗಿ ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ, ಮೀಟರಿನ ಲೆಕ್ಕಕ್ಕಿಂತ ಬೆಳಕು ಹೆಚ್ಚಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1ರಿಂದ ಶುರುಮಾಡಿ. ದಟ್ಟ ಮಂಜಾದರೆ +1.7 ಕೂಡ ಬೇಕಾಗಬಹುದು. ಹಿಸ್ಟೋಗ್ರಾಮಿನ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ನಕ್ಷೆಯ) ಗುಡ್ಡ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ತಾಗಬಾರದು. ಸೂರ್ಯನ ಬಿಲ್ಲೆಯೇ ಚೌಕಟ್ಟಿನಲ್ಲಿದ್ದರೆ ಅದೊಂದು ಚುಕ್ಕೆ ಸುಟ್ಟುಹೋದರೆ ಹೋಗಲಿ. ಕ್ಯಾಮೆರಾದ ಪರದೆಯನ್ನು ಮೊನೋಕ್ರೋಮಿಗೆ (ಕಪ್ಪು-ಬಿಳುಪಿಗೆ) ಇಟ್ಟುಕೊಳ್ಳಿ. ರಾ ಫೈಲಿನಲ್ಲಿ ಬಣ್ಣ ಹಾಗೇ ಉಳಿದಿರುತ್ತದೆ, ಕಣ್ಣಿಗೆ ಮಾತ್ರ ಬರೀ ಆಕಾರ ಕಾಣುತ್ತದೆ.

ಕೆಂಪು ಫಿಲ್ಟರ್ ದೂರದ ಬೆಟ್ಟದ ನೀಲಿ ಮಸುಕನ್ನು ಸೀಳುತ್ತದೆ ಅನ್ನುವುದು ನಿಜ. ಆದರೆ ಮಂಜಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ. ಫಿಲ್ಟರ್ ಹಾಕಿದರೆ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಮಂಜು ಕಡಿಮೆಯಾಗದು.

ಮಂಜಿನಲ್ಲಿ ಕಾಂಟ್ರಾಸ್ಟ್ ಸಿಗುವುದು ನಡಿಗೆಯಿಂದ. 200 ಮೀಟರಿನಾಚೆ ಏನೂ ಕಾಣದಷ್ಟು ಮಂಜಿದ್ದರೆ 50 ಮೀಟರ್ ದೂರದ ಮರ ಹೆಚ್ಚುಕಡಿಮೆ ಅರ್ಧ ಕಾಂಟ್ರಾಸ್ಟಿನಲ್ಲಿ ಕಾಣುತ್ತದೆ, 100 ಮೀಟರಿನದ್ದು ಕಾಲು ಪಾಲು. ಮರ ಕಪ್ಪಗೆ ಬೇಕೇ, ಹತ್ತಿರ ಹೋಗಿ. ಅದರ ಹಿಂದಿನ ಬೇಲಿ ಅಳಿಸಿಹೋಗಬೇಕೇ, ಹಿಂದೆ ಬನ್ನಿ, ಆದರೆ ಮರವೂ ತೆಳುವಾಗುತ್ತದೆ. ಜೂಮ್ ಲೆನ್ಸ್ ನಿಮ್ಮನ್ನು ದೂರವೇ ನಿಲ್ಲಿಸುತ್ತದೆ. ನಿಮ್ಮ ಸಮಸ್ಯೆಗೆ ಅದು ಉಲ್ಟಾ ಔಷಧ. 50 ಎಂಎಂ ಲೆನ್ಸ್ ಧಾರಾಳ ಸಾಕು. ಸೂರ್ಯನಿಗೆ ಎದುರಾಗಿ ನಿಂತರೆ ಮಂಜು ಇನ್ನೂ ಬೆಳ್ಳಗಾಗಿ ಮರದ ಅಂಚು ಬೇರ್ಪಡುತ್ತದೆ.

ಆಟೋಫೋಕಸ್ ಮಂಜಿನಲ್ಲಿ ಹಿಂದೆ ಮುಂದೆ ತಡಕಾಡುತ್ತಲೇ ಇರುತ್ತದೆ. ಟ್ರೈಪಾಡ್ ಮೇಲಿಟ್ಟು, ಲೈವ್ ವ್ಯೂನಲ್ಲಿ (ಪರದೆಯ ಮೇಲೆ ನೇರವಾಗಿ ಕಾಣುವ ದೃಶ್ಯದಲ್ಲಿ) 10 ಪಟ್ಟು ಹಿಗ್ಗಿಸಿ, ಕಾಂಡದ ಅಂಚಿಗೆ ಕೈಯಿಂದಲೇ ಫೋಕಸ್ ಮಾಡಿ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8 ಸಾಕು. ಕಿಂಡಿ ಇನ್ನೂ ಕಿರಿದಾಗುವ ಎಫ್/16ಕ್ಕೆ ಹೋದಿರೋ, ಸೆನ್ಸರಿನ ಮೇಲಿನ ಧೂಳೆಲ್ಲ ಖಾಲಿ ಆಕಾಶದಲ್ಲಿ ಕಪ್ಪು ಚುಕ್ಕೆಗಳಾಗಿ ಎದ್ದು ನಿಲ್ಲುತ್ತದೆ. ಲೆನ್ಸಿನ ಮುಂದೆ ಮರೆಯಾಗಿ ನಿಲ್ಲುವ ಹುಡ್ ಹಾಕಿರಿ, ಪ್ರತಿ ಶಾಟಿಗೂ ಮುಂಚೆ ಲೆನ್ಸಿನ ಗಾಜಿನ ಮೇಲೆ ತೇವ ಕೂತಿದೆಯೇ ನೋಡಿ. ಪರದೆಯಲ್ಲಿ ಅದು ಚೆಂದದ ಮಂಜಿನ ಹಾಗೇ ಕಾಣುತ್ತದೆ, ಮೋಸ ಹೋಗಬೇಡಿ.

ಎಡಿಟಿಂಗಿನಲ್ಲಿ ಡಿಹೇಜ್ ಸ್ಲೈಡರ್ ಮುಟ್ಟಲೇಬೇಡಿ, ಅದು ಇರುವುದೇ ಮಂಜು ತೆಗೆಯಲಿಕ್ಕೆ. ಕರ್ವಿನ (ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ತಿದ್ದುವ ಗೆರೆಯ) ಕೆಳತುದಿಯನ್ನಷ್ಟೇ ಎಳೆದು ಮರವನ್ನು ಕಪ್ಪು ಮಾಡಿ, ಮೇಲಿನ ಅರ್ಧ ಹಾಗೇ ಇರಲಿ. ಪ್ರಿಂಟ್ ಹಾಕಿಸುವುದಾದರೆ ಅತಿ ಬಿಳಿಯ ಜಾಗವೂ 245ರ ಒಳಗಿರಲಿ. 255 ಆದರೆ ಅಲ್ಲಿ ಶಾಯಿಯೇ ಬೀಳುವುದಿಲ್ಲ, ಚಿತ್ರದ ಅಂಚು ಎಲ್ಲಿ ಮುಗಿದು ಕಾಗದ ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ.