ಅಪ್ಪನಿಗೆ ಸೊಂಟನೋವು ಇದ್ದರೆ ಮಗನಿಗೂ ಬರುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪ ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಮಾಡಿ ಸೊಂಟ ಹಾಳು ಮಾಡಿಕೊಂಡರು. ನೀವು ಕಂಪ್ಯೂಟರ್ ಮುಂದೆ ಕೂರುವವರು, ಒಂದು ಚೀಲ ಮೆಕ್ಕೆಜೋಳವನ್ನೂ ಹೊತ್ತಿಲ್ಲ. ಆದರೂ 31ಕ್ಕೇ ಎಂಆರ್‌ಐನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಣಗಿದೆ ಅಂತ ಬಂದಿದೆ. ಇದು ವಂಶದಿಂದ ಬಂದಿದ್ದಾ, ಜೀನ್ ಟೆಸ್ಟ್ ಮಾಡಿಸಬೇಕಾ?

ನಾನು ಇದೇ ಊರಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಡಿಸ್ಕ್ ಸವೆಯುವುದರಲ್ಲಿ ಮನೆತನದ ಪಾಲು ಇದೆ, ಸಾಕಷ್ಟು ಜಾಸ್ತಿಯೇ ಇದೆ. ಫಿನ್ಲೆಂಡಿನಲ್ಲಿ 115 ಜೋಡಿ ತದ್ರೂಪಿ ಅವಳಿ ಗಂಡಸರ ಬೆನ್ನನ್ನು ಎಂಆರ್‌ಐನಲ್ಲಿ ನೋಡಿದ್ದರು, 1995ರಲ್ಲಿ ಪ್ರಕಟವಾಯಿತು. ಸೊಂಟದ ಮೇಲ್ಭಾಗದ ಡಿಸ್ಕ್‌ಗಳು ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆಯಾಗಿ ಸವೆದಿದ್ದಕ್ಕೆ ಭಾರದ ಕೆಲಸದಿಂದ ಸಿಕ್ಕ ಕಾರಣ ಶೇ. 7 ಮಾತ್ರ. ವಯಸ್ಸು ಸೇರಿಸಿದರೆ 16. ಮನೆತನವನ್ನೂ ಸೇರಿಸಿದ ಮೇಲೆ 77ಕ್ಕೆ ಏರಿತು. ಕೊನೆಯ ಎರಡು ಡಿಸ್ಕ್‌ಗಳಲ್ಲಿ ಮಾತ್ರ ಎಲ್ಲ ಸೇರಿಸಿದರೂ 43. ನಮ್ಮ ಹತ್ತಿರ ಬರುವವರಿಗೆ ಜಾಸ್ತಿ ಕಾಟ ಕೊಡುವುದು ಅವೇ ಎರಡು! ಇನ್ನೊಂದು ಮಾತು, ಇಲ್ಲಿ ಮನೆತನ ಅಂದರೆ ಬರೀ ಜೀನ್ ಅಲ್ಲ, ಒಟ್ಟಿಗೆ ಬೆಳೆದ ಬಾಲ್ಯವೂ ಅದರಲ್ಲಿದೆ.

ಯಾವ ಜೀನ್ ಅಂದರೆ ಒಂದಲ್ಲ, ಹಲವು. ಡಿಸ್ಕ್‌ನೊಳಗೆ ನೀರು ಹಿಡಿದಿಡುವ ಅಗ್ರಿಕ್ಯಾನ್ ಅನ್ನುವ ಪ್ರೋಟೀನ್‌ನದು, ಡಿಸ್ಕ್‌ನ ನಾರಿಗೆ ಬೇಕಾದ ಕೊಲಾಜೆನ್ 9ರದು, ಜೀವಕೋಶದಲ್ಲಿ ವಿಟಮಿನ್ ಡಿಯನ್ನು ಹಿಡಿಯುವ ರಿಸೆಪ್ಟರ್‌ನದು. ಒಂದೊಂದರ ಪ್ರಭಾವವೂ ಚಿಕ್ಕದು. ಹಾಗಾಗಿ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ.

ಆದರೆ ಸವೆತ ಬೇರೆ, ನೋವು ಬೇರೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ 2015ರ ವರದಿಯಲ್ಲಿ, 30ರ ವಯಸ್ಸಿನವರಲ್ಲೇ ಶೇ. 52 ಜನಕ್ಕೆ ಡಿಸ್ಕ್ ಸವೆದಿತ್ತು. ನಿಮ್ಮ ರಿಪೋರ್ಟಿನ ಆ ಸಾಲು ನಿಮ್ಮ ನೋವಿಗೆ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಮೊನ್ನೆ ಒಬ್ಬರು ಬಂದರು. ಕವರ್‌ನಿಂದ ಫಿಲ್ಮ್ ಜಾರಿ ಬಿತ್ತು, ಸಲೀಸಾಗಿ ಬಗ್ಗಿ ಎತ್ತಿಕೊಂಡರು. ಆಮೇಲೆ 'ಸ್ವಲ್ಪ ಬಗ್ಗಿ' ಅಂದರೆ, 'ಆಗಲ್ಲ ಸಾರ್, ಎಲ್4-ಎಲ್5 (ಸೊಂಟದ ನಾಲ್ಕನೇ-ಐದನೇ ಮೂಳೆಯ ನಡುವೆ) ಗ್ಯಾಪ್ ಬಂದಿದೆ' ಅಂತ ಬೆಲ್ಟ್ ಬಿಗಿ ಮಾಡಿಕೊಂಡರು. ಸುಳ್ಳು ಹೇಳಲಿಲ್ಲ ಅವರು, ನಿಜಕ್ಕೂ ಹೆದರಿದ್ದರು. ಈ ಹೆದರಿಕೆ ಬಿಡಿಸುವುದಕ್ಕೇ ನನಗೆ ಜಾಸ್ತಿ ದಿನ ಹಿಡಿಯುತ್ತದೆ.

ಅಪ್ಪನ ವಿಷಯದಲ್ಲೂ ಚೀಲದ ಪಾತ್ರವೇ ಇಲ್ಲ ಅನ್ನಬೇಡಿ. ಭಾರ ಎತ್ತುವವರಿಗೆ ಸೊಂಟನೋವು ಜಾಸ್ತಿ.

ನೀವು ನಡೆಯಿರಿ, ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳಿ, ಬೆನ್ನು-ಹೊಟ್ಟೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಕಲಿಯಿರಿ. ಸಿಗರೇಟು ಇದ್ದರೆ ಬಿಡಿ. ಒಬ್ಬ ಸೇದುವ, ಇನ್ನೊಬ್ಬ ಸೇದದ ತದ್ರೂಪಿ ಅವಳಿಗಳನ್ನು ಹೋಲಿಸಿದಾಗ ಸೇದುವವರ ಡಿಸ್ಕ್ ಸವೆತ ಶೇ. 18ರಷ್ಟು ಜಾಸ್ತಿ ಇತ್ತು. ಜೀನ್ ಒಂದೇ ಇದ್ದರೂ ಹೀಗೆ, ನೋಡಿ.

ಕಾಲಿನ ಶಕ್ತಿ ಕಡಿಮೆಯಾಗುತ್ತಾ ಬಂದರೆ, ಕೂರುವ ಭಾಗ (ಗುದ, ಜನನಾಂಗದ ಸುತ್ತ) ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ವ್ಯಾಯಾಮ ಅಂತ ಕಾಯಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.