ದೊಡ್ಡ ಗಾಯಕರು ನನ್ನ ಹಾಡು ಹಾಡುತ್ತಾರಂತೆ, ಹಕ್ಕು ಬರೆದುಕೊಡಲೇ?

ಬರೆದುಕೊಡಬೇಡಿ. ಅಮೆರಿಕದ ಗಾಯಕಿ, ಹಾಡು ಬರೆಯುವ ಡಾಲಿ ಪಾರ್ಟನ್ ಹಾಗೆ ಸ್ವಂತ ಹಾಡು ಬರೆದು ಬದುಕಬೇಕು ಅಂದಿದ್ದೀರಿ, ಜೊತೆಗೇ 'ಹೆಸರು ಮೊದಲೋ, ದುಡ್ಡು ಮೊದಲೋ' ಅಂತಲೂ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತ ಕೂತಿದ್ದೆ.

ತಂಗಿ ಮದುವೆಯಾಗಿ ಗಂಡನ ಮನೆಗೆ ಹೋದಾಗ, ಆ ವಾರವೇ ಬರೆದ ಹಾಡು. ಬೆಂಗಳೂರಿನ ಒಂದು ಸ್ಟುಡಿಯೋದವರಿಗೆ ಹಿಡಿಸಿತು, ಹೆಸರಿರುವ ಗಾಯಕಿಯಿಂದ ಹಾಡಿಸುತ್ತೇವೆ ಅಂದರು. ಹದಿನೈದು ಸಾವಿರದ ಚೆಕ್ಕು, ನಾಲ್ಕು ಪುಟದ ಇಂಗ್ಲಿಷ್ ಕಾಗದ. ಮೊದಲ ಪುಟದಲ್ಲಿ ನನ್ನ ಹೆಸರು ಸರಿಯಿದೆಯಾ ನೋಡಿದೆ, ಕೊನೆಯದರಲ್ಲಿ ಮೊತ್ತ ನೋಡಿದೆ, ಸಹಿ ಹಾಕಿದೆ. ಮೂರನೇ ಪುಟದ 'ಅಸೈನ್‌ಮೆಂಟ್' ಎಂಬ ಪದ ಕಣ್ಣಿಗೆ ಬಿದ್ದಿತ್ತು. ಕಾಲೇಜಿನಲ್ಲಿ ಬರೆದು ಒಪ್ಪಿಸುತ್ತಿದ್ದೆವಲ್ಲ, ಹಾಗೇ ನನಗೆ ವಹಿಸಿದ ಕೆಲಸ ಅಂತ ತಿಳಿದೆ. ಕಾನೂನಿನಲ್ಲಿ ಅದು ಪರಭಾರೆ. ಮನೆ ಬಾಡಿಗೆಗೆ ಕೊಟ್ಟ ಹಾಗೆ ಲೈಸೆನ್ಸ್. ಕ್ರಯಪತ್ರ ಮಾಡಿಕೊಟ್ಟ ಹಾಗೆ ಅಸೈನ್‌ಮೆಂಟ್. ಪಕ್ಕದಲ್ಲೇ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅಂತಿತ್ತು. ಅವಧಿಯನ್ನೇ ನಮೂದಿಸದಿದ್ದರೆ ನಮ್ಮ ಕಾಪಿರೈಟ್ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕಷ್ಟೇ ಅಂತ. ಆ ಎರಡು ಪದಗಳಿಂದ ಎರಡೂ ರಕ್ಷಣೆ ಹೋಯಿತು. ತಂಗಿ ಮಗಳ ನಾಮಕರಣದಲ್ಲಿ ಬರೀ ಗಿಟಾರ್ ಹಿಡಿದು ಹಾಡಿದ್ದನ್ನು ಯೂಟ್ಯೂಬಿಗೆ ಹಾಕಿದೆ. ಎರಡೇ ದಿನಕ್ಕೆ ಕಾಪಿರೈಟ್ ನೋಟಿಸು ಬಂತು, ವಿಡಿಯೋ ಹೋಯಿತು. ಈಗಲೂ ತಂಗಿ 'ಅಣ್ಣಾ, ಆ ಹಾಡು' ಅಂದರೆ ಮನೆಯಲ್ಲಷ್ಟೇ ಹಾಡುತ್ತೇನೆ.

ನೀವು ಮೆಚ್ಚುವ ಡಾಲಿಯ ಮುಂದೂ ಇಂಥದೇ ಬೇಡಿಕೆ ಬಂದಿತ್ತು. ಟೆನೆಸಿಯ ಗುಡ್ಡಗಾಡಿನವರು, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟದ್ದು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಸಂಗೀತದ ಊರು ನ್ಯಾಶ್‌ವಿಲ್‌ಗೆ ಹೊರಟರು. 1967ರಿಂದ ಗಾಯಕ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮದಲ್ಲಿ ಹಾಡಿದರು, ಅಲ್ಲಿಂದ ಹೊರಬರುವಾಗ ಅವರಿಗೇ ವಿದಾಯ ಹೇಳುತ್ತ 'ಐ ವಿಲ್ ಆಲ್ವೇಸ್ ಲವ್ ಯೂ' ಬರೆದರು. 1974ರಲ್ಲಿ ಅದು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡುಗಳ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಆ ಕಾಲದ ಅತಿ ದೊಡ್ಡ ಗಾಯಕರಲ್ಲೊಬ್ಬರಾದ ಎಲ್ವಿಸ್ ಪ್ರೀಸ್ಲಿಗೂ ಅದನ್ನು ಹಾಡುವ ಆಸೆಯಿತ್ತು. ಆದರೆ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಪಬ್ಲಿಷಿಂಗ್ ಹಕ್ಕಿನಲ್ಲಿ, ಅಂದರೆ ಹಾಡಿನ ಒಡೆತನದಲ್ಲಿ, ಅರ್ಧ ಕೇಳಿದರು. ಎಲ್ವಿಸ್! ಡಾಲಿ ಕೊಡಲಿಲ್ಲ. ರಾತ್ರಿಯೆಲ್ಲ ಅತ್ತೆ ಅಂತ ಆಮೇಲೆ ಅವರೇ ಹೇಳಿದ್ದಾರೆ. 1992ರಲ್ಲಿ ಗಾಯಕಿ ವಿಟ್ನಿ ಹ್ಯೂಸ್ಟನ್ ಅದನ್ನೇ ಹಾಡಿದರು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಹಕ್ಕು ಡಾಲಿಯ ಕೈಯಲ್ಲೇ ಇತ್ತು.

ಪಾಪ್‌ಗೆ ಹೋದಾಗಲೂ ಬರೆಯುವುದನ್ನು ಬಿಡಲಿಲ್ಲ. 'ನೈನ್ ಟು ಫೈವ್' ಹುಟ್ಟಿದ್ದು ಸಿನಿಮಾ ಸೆಟ್ಟಿನಲ್ಲಿ: ಕೃತಕ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರಿನ ಸದ್ದು ಬರುತ್ತಿತ್ತು, ಅದೇ ತಾಳವಾಯಿತು. ಹಾಡು ಕಂಟ್ರಿ, ಪಾಪ್ ಎರಡರಲ್ಲೂ ಮೊದಲು ಬಂತು.

'ಹೆಸರೋ ದುಡ್ಡೋ' ಅನ್ನುವುದು ಹಕ್ಕು ಬರೆಸಿಕೊಳ್ಳುವವರಿಗೆ ಅನುಕೂಲವಾದ ಪ್ರಶ್ನೆ. ಹತ್ತು ವರ್ಷ ಕಳೆದ ಮೇಲೆ ನಿಮ್ಮ ಹಾಡನ್ನು ನೀವು ಹಾಡಲು ಯಾರ ಅಪ್ಪಣೆ ಬೇಕು? ಅದನ್ನು ಕೇಳಿ. 'ಅಸೈನ್‌ಮೆಂಟ್' ಹೊಡೆದು 'ಲೈಸೆನ್ಸ್' ಬರೆಸಿ. ಈ ಗಾಯಕರ ಈ ರೆಕಾರ್ಡಿಂಗಿಗೆ ಮಾತ್ರ, ಇಷ್ಟೇ ವರ್ಷ ಅಂತಲೂ ಇರಲಿ. ಹಾಡು ಬಳಕೆಯಾದಾಗ ಸಾಹಿತ್ಯ, ಸಂಗೀತ ಮಾಡಿದವರಿಗೆ ಬರಬೇಕಾದ ರಾಯಲ್ಟಿ ಪಾಲನ್ನು, ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ, ಕಂಪನಿಗಳು ಬರೆಸಿಕೊಳ್ಳುವಂತಿಲ್ಲ. ನನಗಿದು ಗೊತ್ತಾಗಿ, ಆ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಎಂಬ ಸಂಸ್ಥೆಯ ಸದಸ್ಯನಾಗುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ನೀವು ಈ ವಾರವೇ ಅಲ್ಲಿಗೆ ಅರ್ಜಿ ಹಾಕಿ, ಕಾಗದವನ್ನು ವಕೀಲರಿಗೆ ತೋರಿಸಿ. ಪದ ಬದಲಿಸಲು ಹಕ್ಕು ಕೇಳಿದವರು ಒಪ್ಪದಿದ್ದರೆ ಹಾಡು ತೆಗೆದುಕೊಂಡು ಮನೆಗೆ ಬನ್ನಿ.