ಪ್ರೆಪ್ ಜೊತೆ ಪೇನ್‌ಕಿಲ್ಲರ್, ಕ್ರಿಯೇಟಿನ್ ತಗೋಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ, ತೂಕ 78 ಕೆಜಿ. ನನ್ನ ಹೆಂಡತಿಗೆ ಎಚ್‌ಐವಿ ಇದೆ, ಈಗಷ್ಟೇ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರಲ್ಲಿ ಮಾತ್ರೆ ಶುರುವಾಗಿದೆ, ಹಾಗಾಗಿ ನಾನು ದಿನಾ ರಾತ್ರಿ ಪ್ರೆಪ್ (ಎಚ್‌ಐವಿ ಅಂಟದ ಹಾಗೆ ಮುಂಚೇನೇ ತಗೊಳ್ಳೋ ಮಾತ್ರೆ) ತಗೋತಿದೀನಿ, ಟೆನೊಫೊವಿರ್ 300, ಎಮ್ಟ್ರಿಸಿಟಬಿನ್ 200 ಇರೋದು. ಜಿಮ್‌ಗೆ ಹೋಗೋದ್ರಿಂದ ಕ್ರಿಯೇಟಿನ್ ಪೌಡರ್, ವೇ ಪ್ರೋಟೀನ್ ತಗೋತೀನಿ. ಮಂಡಿನೋವಿಗೆ ವಾರಕ್ಕೆ ನಾಲ್ಕೈದು ದಿನ ಡೈಕ್ಲೋಫೆನಾಕ್ ನುಂಗ್ತೀನಿ. ಮೊನ್ನೆ ರಕ್ತದ ಟೆಸ್ಟಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರ್ಸೋ ನಂಬರ್) 1.4 ಬಂತು. ಪ್ರೆಪ್ ನಿಲ್ಲಿಸಿಬಿಡ್ಲಾ?

ಉತ್ತರ: ನೀವಾಗೇ ನಿಲ್ಲಿಸ್ಬೇಡಿ. ನಿಮ್ಮ ಹೆಂಡತಿಯ ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಇನ್ನೂ ಇಳಿದಿರಲ್ಲ, ನಿಮಗೆ ಪ್ರೆಪ್ ತುಂಬಾ ಬೇಕಾಗಿರೋದೇ ಈಗ. ನಿಲ್ಲಿಸ್ಬೇಕಾಗಿರೋದು ಡೈಕ್ಲೋಫೆನಾಕ್. ಟೆನೊಫೊವಿರ್ ಹೊರಗೆ ಹೋಗೋದು ಕಿಡ್ನಿ ಮೂಲಕ, ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳೂ ಪದೇಪದೇ ತಗೊಂಡ್ರೆ ಕಿಡ್ನಿಗೇ ಪೆಟ್ಟು ಕೊಡೋದು, ಎರಡೂ ಸೇರಿದ್ರೆ ಅಪಾಯ ಜಾಸ್ತಿ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತಾ ನೋಡಿ, ಮಂಡೀನ ಒಂದ್ಸಲ ಮೂಳೆ ಡಾಕ್ಟ್ರಿಗೆ ತೋರ್ಸಿ.

ಇನ್ನು ಆ 1.4. ನೀವು ತಗೊಳ್ಳೋ ಕ್ರಿಯೇಟಿನ್ ಮೈಯಲ್ಲಿ ಕ್ರಿಯಾಟಿನಿನ್ ಆಗಿ ಬದಲಾಗುತ್ತೆ, ಕಿಡ್ನಿ ಚೆನ್ನಾಗಿದ್ರೂ ರಿಪೋರ್ಟಲ್ಲಿ ನಂಬರ್ ಏರಬಹುದು. ನಿಮ್ಮ ವಯಸ್ಸು, ತೂಕ ಹಾಕಿ ಲೆಕ್ಕ ಮಾಡಿದೆ, ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಶುದ್ಧ ಮಾಡುತ್ತೆ ಅನ್ನೋ ಅಂದಾಜು) ಸುಮಾರು 86 ಬರುತ್ತೆ, 60ಕ್ಕಿಂತ ಕೆಳಗಿದ್ರೆ ಈ ಮಾತ್ರೆ ಕೊಡಲ್ಲ. ಹಾಗಂತ ಸುಮ್ನಿರಬೇಡಿ, ಕೆಲವು ವಾರ ಪೇನ್‌ಕಿಲ್ಲರ್, ಕ್ರಿಯೇಟಿನ್ ಎರಡೂ ಬಿಟ್ಟು ಮತ್ತೆ ಟೆಸ್ಟ್ ಮಾಡ್ಸಿ, ಆಗ್ಲೂ ಅನುಮಾನ ಇದ್ರೆ ಸಿಸ್ಟಾಟಿನ್ ಸಿ ಅಂತ ಟೆಸ್ಟ್ ಇದೆ, ಅದಕ್ಕೆ ಕ್ರಿಯೇಟಿನ್ ಪೌಡರ್ ಅಡ್ಡ ಬರಲ್ಲ. ಪ್ರೆಪ್ ಬರೆದುಕೊಟ್ಟ ಡಾಕ್ಟ್ರಿಗೆ ಈ ರಿಪೋರ್ಟ್ ಇದೇ ವಾರ ತೋರ್ಸಿ, ಪೌಡರ್ ಡಬ್ಬಾನೂ ತಗೊಂಡು ಹೋಗಿ.

ವೇ ಪ್ರೋಟೀನ್, ವಿಟಮಿನ್, ಕ್ಯಾಲ್ಸಿಯಂಗೂ ನಿಮ್ಮ ಮಾತ್ರೆಗೂ ಜಗಳ ಇಲ್ಲ. ಆದ್ರೆ ನಿಮ್ಮ ಮನೆಯವರ ಮಾತ್ರೆ ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿ ಸೇರಿರೋ ಒಂದೇ ಮಾತ್ರೆ) ಆಗಿದ್ರೆ ಅದರಲ್ಲಿ ಡೊಲುಟೆಗ್ರಾವಿರ್ ಇರುತ್ತೆ, ಖಾಲಿ ಹೊಟ್ಟೇಲಿ ಕ್ಯಾಲ್ಸಿಯಂ, ಐರನ್ ಜೊತೆ ನುಂಗಿದ್ರೆ ಅದು ಮೈಗೆ ಸರಿಯಾಗಿ ಹತ್ತಲ್ಲ, ಊಟದ ಜೊತೆ ಒಟ್ಟಿಗೆ ತಗೊಂಡ್ರೆ ತೊಂದ್ರೆ ಇಲ್ಲ. ಗ್ಯಾಸ್‌ಗೆ ಕುಡಿಯೋ ಆಂಟಾಸಿಡ್ ಆದ್ರೆ, ಟಿಎಲ್‌ಡಿ ಅದಕ್ಕಿಂತ 2 ಗಂಟೆ ಮುಂಚೆ ಇಲ್ಲಾ 6 ಗಂಟೆ ಆದ್ಮೇಲೆ. ಇದನ್ನ ಇವತ್ತೇ ಅವರಿಗೆ ಹೇಳಿ.

ಹೆಪಟೈಟಿಸ್ ಬಿ ಟೆಸ್ಟ್ ಆಗಿದ್ಯಾ ಅಂತ ನೀವು ಬರೆದಿಲ್ಲ. ಅದಿದ್ದು ಪ್ರೆಪ್ ತಟ್ಟಂತ ನಿಲ್ಲಿಸಿದ್ರೆ ಲಿವರ್ ಕೆರಳಬಹುದು, ಆಗಿಲ್ಲ ಅಂದ್ರೆ ಮಾಡಿಸ್ಕೊಳ್ಳಿ. ಎಚ್‌ಐವಿ ಟೆಸ್ಟ್ 3 ತಿಂಗಳಿಗೊಮ್ಮೆ ತಪ್ಪಿಸ್ಬೇಡಿ, ಎಲ್ಲಿ ಹೋಗ್ಬೇಕು ಗೊತ್ತಾಗದಿದ್ರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.